ಬೀಜದೊಳಗಣ ಸಹವಾಸಿ

ಹಾನಗಲ್ಲಿನ ಕಡೆಯಿಂದ ಹತ್ತಿಮತ್ತೂರಿಗೆ ಬರುವವನು ಮಲೆನಾಡಿನ ಸೆರಗಿನ ಭತ್ತದ ಗದ್ದೆಗಳನ್ನು ಹಿಂದಿಕ್ಕಿ ಜೋಳ ಹತ್ತಿಗಳ ಬಯಲನ್ನು ಹೊಗುತ್ತಾನೆ. ಭತ್ತವಾಗಲಿ ಜೋಳವಾಗಲಿ ಬದುವಿನ ಮೇಲಿನ ಹುಲ್ಲಾಗಲಿ, ಎಲ್ಲವೂ ಒಂದೇ ತೃಣಕುಲದವು. ಈ ಕುಲವನ್ನೇ ವಿಶೇಷವಾಗಿ ಆಶ್ರಯಿಸಿರುವ ಶಿಲೀಂಧ್ರವಂಶವೊಂದುಂಟು, ಅದರ ಶಾಸ್ತ್ರೀಯ ನಾಮಧೇಯ ಕ್ಲಾವಿಸಿಪಿಟೇಸಿ. ಜೋಳದ ತೆನೆಯಿಂದ ಸಿಹಿಯಾದ ಅಂಟುರಸವನ್ನು ಸುರಿಸುವ ಶಿಲೀಂಧ್ರವೂ ಈ ವಂಶದ್ದೇ. ಆದರೆ ಅದು ಅರಳಿದ ಹೂವನ್ನು ಹೊರಗಿನಿಂದ ಮುತ್ತುವಂಥದು. ಗಿಡದೊಳಗೇ ಬಿಡಾರ ಹೂಡುವ ಅದರ ದಾಯಾದಿಗಳ ಬಾಳು ಇನ್ನೂ ವಿಚಿತ್ರವಾದುದು.

ಮಲೆನಾಡಿನ ರೈತರು ಬಲ್ಲ ಊದುಬತ್ತಿ ರೋಗವನ್ನೇ ನೋಡಿ. ಸೋಂಕು ತಗುಲಿದ ಭತ್ತದ ಸಸಿ ಇತರ ಸಸಿಗಳೊಡನೆ ನಿರಾತಂಕವಾಗಿ ಬೆಳೆಯುತ್ತದೆ. ಒಳಗೊಬ್ಬ ಅತಿಥಿಯಿರುವ ಸುಳಿವನ್ನು ಬಹುಕಾಲ ಬಿಟ್ಟುಕೊಡುವುದೇ ಇಲ್ಲ. ತೆನೆ ಹೊರಡುವ ಸಮಯ ಬಂದಾಗ ಮಾತ್ರ, ಕವಲುಗಳೆಲ್ಲ ಬಿಳಿಯ ಎಳೆಗಳಿಂದ ಹೆಣೆದುಕೊಂಡು, ಬಿರಿಯಲಾರದೆ, ನೆಟ್ಟಗಿನ ಕಡ್ಡಿಯಾಗಿ ಹೊರಬಂದು ಕ್ರಮೇಣ ಕಪ್ಪಾಗಿ ಗಟ್ಟಿಯಾಗುತ್ತವೆ. ಕಾಳು ಒಂದೂ ಕಟ್ಟುವುದಿಲ್ಲ. ಜರ್ಮನಿಯ ಸಿಡೋ 1914ರಲ್ಲಿ ಈ ಶಿಲೀಂಧ್ರಕ್ಕೆ ಎಫೆಲಿಸ್ ಒರೈಜೆ ಎಂದು ನಾಮಕರಣ ಮಾಡಿದರು. ಬೀಜದೊಡನೆಯೂ ಬದುವಿನ ಕೆಲವು ಹುಲ್ಲುಗಳ ಆಸರೆಯಿಂದಲೂ ಅದು ಮುಂದಿನ ಬೆಳೆಗೆ ದಾಟುತ್ತದೆ. ಆದಕಾರಣವೇ ಬಿತ್ತುವ ಮುನ್ನ ಬೀಜಕ್ಕೆ ಬಿಸಿನೀರಿನ ಉಪಚಾರವನ್ನು ತಜ್ಞರು ವಿಧಿಸುತ್ತಾರೆ.

ಇದೇ ವಂಶದ ಎಪಿಕ್ಲೋಯಿ ಎಂಬ ಶಿಲೀಂಧ್ರಗಳು ಶೀತದೇಶಗಳ ಹುಲ್ಲುಗಳಲ್ಲಿ ನೆಲಸಿವೆ. ಇವುಗಳ ಪೈಕಿ ಕೆಲವು ಹುಲ್ಲಿನ ಹೂವನ್ನು ಉಸಿರುಗಟ್ಟಿಸಿ ತಮ್ಮ ಬೀಜಕಣಗಳನ್ನು ಹೊರಗೆ ಹರಡುವಂಥವು. ಇನ್ನು ಕೆಲವು ಸ್ವಂತ ಸಂತಾನದ ಹಂಬಲವನ್ನೇ ತೊರೆದು, ಜೀವಕೋಶಗಳ ನಡುವಣ ಸಂದುಗಳಲ್ಲಿ ಎಲೆಯೊಡನೆ ಸಮಗತಿಯಲ್ಲಿ ಬೆಳೆದು, ತಾಯಿಗಿಡದ ಬೀಜದೊಳಕ್ಕೆ ಸೇರಿಕೊಂಡು ಮರುಪೀಳಿಗೆಗೆ ಸಾಗುವಂಥವು. ಹುಲ್ಲು ಬೀಜ ಕಟ್ಟಿದರಷ್ಟೇ ತಮಗೆ ಉಳಿವುಂಟಾದ್ದರಿಂದ ಈ ಎರಡನೆಯ ಬಗೆಯವು ಹುಲ್ಲಿನ ಕಾವಲಿಗೆ ನಿಲ್ಲುತ್ತವೆ, ಕೀಟಗಳನ್ನೂ ಮೇಯುವ ಪ್ರಾಣಿಗಳನ್ನೂ ಬಾಧಿಸುವ ಕ್ಷಾರಾಭಗಳನ್ನು ತಯಾರಿಸುತ್ತವೆ. ಸ್ನೇಹವೆಂದು ನಾವು ಕೊಂಡಾಡುವುದು ಇಲ್ಲಿ ಬಹುಮಟ್ಟಿಗೆ ಪ್ರಯಾಣಮಾರ್ಗದ ಪ್ರಶ್ನೆಯೆಂದೇ ನನಗೆ ತೋರುತ್ತದೆ: ಬೀಜವೇ ವಾಹನವಾದವನು ಬೀಜವನ್ನು ಕೆಡಿಸಲಾರ.

ಆ ಕಾವಲಿನ ಬೆಲೆಯನ್ನು ತೆತ್ತವರು ಗೋಪಾಲಕರು. ಅಮೆರಿಕದಲ್ಲಿ 1943ರಲ್ಲಿ ಬಿಡುಗಡೆಯಾದ ಕೆಂಟಕಿ-31 ಎಂಬ ಫೆಸ್ಕ್ಯೂ ಹುಲ್ಲು ಬರವನ್ನು ತಾಳಿ ಸೊಂಪಾಗಿ ಹಬ್ಬಿತು. ಅದನ್ನು ಮೇಯ್ದ ದನಗಳಾದರೋ ಕುಂಟತೊಡಗಿದವು, ಗೊರಸು ಬಾಲಗಳಿಗೆ ರಕ್ತಸಂಚಾರ ಕುಂದಿ ಕೊಳೆಯತೊಡಗಿದವು. ಕಾರಣ ಹುಲ್ಲಿನೊಳಗಣ ಶಿಲೀಂಧ್ರವೆಂದು ಚಾರ್ಲ್ಸ್ ಬೇಕನ್ ಮತ್ತು ಸಂಗಡಿಗರು 1977ರಲ್ಲಿ ಬೆಳಕಿಗೆ ತಂದರು. ನ್ಯೂಜಿಲೆಂಡಿನಲ್ಲಿಯೂ ರೈಗ್ರಾಸ್ ಮೇಯ್ದ ಕುರಿಗಳು ತಲೆ ನಡುಗಿಸಿ ಮುಗ್ಗರಿಸುತ್ತಿದ್ದುದರ ಮೂಲ 1981ರ ವೇಳೆಗೆ ತಿಳಿಯಿತು. ಶಿಲೀಂಧ್ರವನ್ನು ನೀಗಿದ ಬೀಜ ಬಿತ್ತಿದ್ದಾಯಿತು. ಕುರಿಗಳೇನೋ ಸುಖವಾಗಿದ್ದವು, ಹುಲ್ಲನ್ನು ಮಾತ್ರ ಕಾಂಡದ ಮೂತಿಹುಳು ತಿಂದುಹಾಕಿತು!

ಕಡೆಗೆ ವಿಜ್ಞಾನಿಗಳು, ಕುರಿಗಳನ್ನು ನಡುಗಿಸುವ ವಿಷವನ್ನು ಮಾಡದೆ ಹುಳುವನ್ನು ಮಾತ್ರ ದೂರವಿಡುವ ಶಿಲೀಂಧ್ರದ ತಳಿಗಳನ್ನು ಕಾಡುಹುಲ್ಲುಗಳಲ್ಲಿ ಹುಡುಕಿ, ಎಳೆಯ ಸಸಿಗಳಿಗೆ ಸೂಜಿಮೊನೆಯ ಗಾಯದ ಮೂಲಕ ಸೇರಿಸಿದರು. ಅಂತಹ ಬೀಜಗಳು ಇಂದು ಅಲ್ಲಿ ಶಿಲೀಂಧ್ರದ ಹೆಸರಿನೊಡನೆಯೇ ಮಾರಾಟವಾಗುತ್ತವೆ. ಸೆಕೆಯ ಕೋಠಿಯಲ್ಲಿ ಒಂದೆರಡು ವರ್ಷ ಬಿದ್ದರೆ ಒಳಗಣ ಶಿಲೀಂಧ್ರ ಬೀಜಕ್ಕಿಂತ ಮೊದಲೇ ಸಾಯುವುದರಿಂದ, ಮಾರುವವರು ಅವನ್ನು ತಂಪಾದ, ಒಣಗಿದ ಸ್ಥಳದಲ್ಲಿ ಕಾಪಿಡಬೇಕಾಗುತ್ತದೆ.