ಯಕೃತ್ ಕಸಿಯ ನಂತರ ರಕ್ತನಾಳಗಳ ರಕ್ಷಣೆ

ರಕ್ತವಹ ಸ್ರೋತಸ್ಸುಗಳಿಗೆ ಯಕೃತ್ತು ಮತ್ತು ಪ್ಲೀಹಗಳೇ ಮೂಲವೆಂದು ಚರಕ ಸಂಹಿತೆ ಹೇಳುತ್ತದೆ. ಯಕೃತ್ತಿಗೂ ರಕ್ತಕ್ಕೂ ಇರುವ ಈ ನಿಕಟ ನಂಟು ಯಕೃತ್ ಕಸಿಯ ಸಂದರ್ಭದಲ್ಲಿ ಸ್ಪಷ್ಟವಾಗುತ್ತದೆ. 1963ರಲ್ಲಿ ಅಮೆರಿಕದ ಡಾ. ಥಾಮಸ್ ಸ್ಟಾರ್ಜ್ಲ್ ಅವರು ಮಾನವನಲ್ಲಿ ಮೊದಲಿಗೆ ಕೈಗೊಂಡ ಈ ಶಸ್ತ್ರಚಿಕಿತ್ಸೆ ಇಂದು ನಮ್ಮ ದೇಶದಲ್ಲಿಯೂ ಅನೇಕರ ಜೀವ ಉಳಿಸುತ್ತಿದೆ. ಆದರೆ ಕಸಿ ಮಾಡಿದ ಯಕೃತ್ತು ಉಳಿಯಬೇಕಾದರೆ ಅದಕ್ಕೆ ಜೋಡಿಸಿದ ರಕ್ತನಾಳಗಳು ತೆರೆದಿರಬೇಕು.

ಯಕೃತ್ತಿಗೆ ರಕ್ತವು ಎರಡು ಮಾರ್ಗಗಳಿಂದ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳಿನಿಂದ ಬರುವ ಪೋರ್ಟಲ್ ಅಭಿಧಮನಿಯ ಮೂಲಕವೂ, ಉಳಿದುದು ಯಕೃತ್ತಿನ ಅಪಧಮನಿಯ ಮೂಲಕವೂ ಹರಿಯುತ್ತದೆ. ಪಾಲು ಚಿಕ್ಕದಾದರೂ ಅಪಧಮನಿಯ ಮಹತ್ವ ಚಿಕ್ಕದಲ್ಲ. ಕಸಿಯಾದ ಯಕೃತ್ತಿನ ಪಿತ್ತನಾಳಗಳಿಗೆ ಅದೊಂದೇ ಆಧಾರ. ಅದು ಹೆಪ್ಪುಗಟ್ಟಿ ಮುಚ್ಚಿದರೆ ಪಿತ್ತನಾಳಗಳು ಕೊಳೆಯುತ್ತವೆ, ಸೋಂಕು ಹರಡುತ್ತದೆ. ಕೆಲವೊಮ್ಮೆ ಮರುಕಸಿಯೇ ಅನಿವಾರ್ಯವಾಗುತ್ತದೆ. ಪೋರ್ಟಲ್ ಅಭಿಧಮನಿ ಮುಚ್ಚಿದರೆ ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತವಾಂತಿ ಮುಂತಾದವು ಕಾಣಿಸಿಕೊಳ್ಳಬಹುದು.

ಹೆಪ್ಪುಗಟ್ಟಲು ಕಾರಣಗಳು ಹಲವು. ಅಪಧಮನಿಯು ಕೆಲವೇ ಮಿಲಿಮೀಟರ್ ಅಗಲವಿದ್ದು, ಹೊಲಿಗೆಯ ಸ್ಥಳದಲ್ಲಿ ಕಿರಿದಾಗಬಹುದು ಅಥವಾ ಮಡಚಿಕೊಳ್ಳಬಹುದು. ಮಕ್ಕಳಲ್ಲಿ ನಾಳಗಳು ಇನ್ನೂ ಸಣ್ಣವಾದುದರಿಂದ ಅಪಾಯ ಹೆಚ್ಚು. ರಕ್ತವನ್ನು ಹೆಪ್ಪುಗಟ್ಟಿಸುವ ಹಾಗೂ ಅದನ್ನು ತಡೆಯುವ ಪ್ರೋಟೀನುಗಳೆರಡನ್ನೂ ಯಕೃತ್ತೇ ತಯಾರಿಸುವುದರಿಂದ, ಕಸಿಯಾದ ಮೊದಲ ದಿನಗಳಲ್ಲಿ ಅವುಗಳ ಸಮತೋಲನ ತಪ್ಪಿರುತ್ತದೆ. ಧೂಮಪಾನವೂ ಅಪಾಯವನ್ನು ಹೆಚ್ಚಿಸುತ್ತದೆ.

ಈ ತೊಡಕು ಆರಂಭದಲ್ಲಿ ಯಾವ ಲಕ್ಷಣವನ್ನೂ ತೋರದಿರಬಹುದು. ಆದ್ದರಿಂದಲೇ ಶಸ್ತ್ರಚಿಕಿತ್ಸೆಯ ನಂತರದ ದಿನಗಳಲ್ಲಿ ಡಾಪ್ಲರ್ ಸ್ಕ್ಯಾನ್ ಹಾಗೂ ರಕ್ತಪರೀಕ್ಷೆಗಳನ್ನು ಮೇಲಿಂದ ಮೇಲೆ ಮಾಡುತ್ತಾರೆ. ಬೇಗನೆ ತಿಳಿದರೆ ಹೆಪ್ಪನ್ನು ತೆಗೆದು ರಕ್ತದ ಹರಿವನ್ನು ಮರಳಿ ತರುವ ಅವಕಾಶವಿರುತ್ತದೆ. ಮನೆಗೆ ಬಂದ ಮೇಲೆ ಚಳಿಜ್ವರ, ಕಣ್ಣು ಹಳದಿಯಾಗುವುದು, ಮೈ ತುರಿಕೆ, ಬಿಳಿಚಿದ ಮಲ, ಹೊಟ್ಟೆನೋವು, ಮಂಕುತನ ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿಗೆ ಕಾಯದೆ ಅದೇ ದಿನ ಕಸಿ ಮಾಡಿದ ಆಸ್ಪತ್ರೆಯನ್ನು ಸಂಪರ್ಕಿಸಬೇಕು.

ಇನ್ನೊಂದು ಮಾತನ್ನು ಆಯುರ್ವೇದ ವೈದ್ಯರಾದ ನಾವೇ ಹೇಳಬೇಕಾಗಿದೆ. ಕಸಿಯಾದವರು ಅಮೃತಬಳ್ಳಿ, ಅಶ್ವಗಂಧ ಮೊದಲಾದವನ್ನು ತಾವಾಗಿಯೇ ಸೇವಿಸಬಾರದು. ರೋಗನಿರೋಧಕ ಶಕ್ತಿಯನ್ನು ಪ್ರಚೋದಿಸುವ ಔಷಧಿಗಳು, ಅದೇ ಶಕ್ತಿಯನ್ನು ಹದದಲ್ಲಿಡುವ ಟ್ಯಾಕ್ರೋಲಿಮಸ್‌ನಂತಹ ಮಾತ್ರೆಗಳ ಉದ್ದೇಶಕ್ಕೆ ವಿರುದ್ಧವಾಗಬಹುದು. ಈ ಎರಡು ಮೂಲಿಕೆಗಳಿಂದ ಯಕೃತ್ತಿಗೇ ಹಾನಿಯಾದ ವರದಿಗಳೂ ಇವೆ. ವೈದ್ಯರು ಬರೆದಿರುವ ಆಸ್ಪಿರಿನ್ ಮೊದಲಾದ ಮಾತ್ರೆಗಳನ್ನು ಆರಾಮವಾಯಿತೆಂದು ನಿಲ್ಲಿಸುವುದೂ ಸಲ್ಲದು. ಯಾವ ಪದ್ಧತಿಯ ಔಷಧವೇ ಆಗಲಿ, ಕಸಿ ತಜ್ಞರಿಗೆ ತಿಳಿಸಿ ಅವರ ಒಪ್ಪಿಗೆ ಪಡೆದ ನಂತರವೇ ತೆಗೆದುಕೊಳ್ಳಬೇಕು. ದೇಶ, ಕಾಲ, ರೋಗಿಯ ಬಲವನ್ನರಿತು ಔಷಧ ಕೊಡಬೇಕೆಂಬುದು ನಮ್ಮ ಶಾಸ್ತ್ರದ ನಿಯಮ. ಕೊಡದೆ ಇರಬೇಕಾದ ಸಂದರ್ಭವನ್ನು ಅರಿಯುವುದೂ ಆ ನಿಯಮದಲ್ಲಿಯೇ ಅಡಗಿದೆ.