ಸಾಕ್ಷರತೆ ಅಂದ್ರ ಏನು?



ಸಾಕ್ಷರತೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಹಾಗಂದ್ರ ಏನು? “ಸಹಿ ಮಾಡಲಿಕ್ಕೆ ಬಂದ್ರ ಸಾಕು” ಅಂತ ಕೆಲವರು ಅಂತಾರ. ಅದು ನಿಜವೇ? ನೋಡೋಣ.

ಮೊದಲು ಪದವನ್ನು ಬಿಡಿಸೋಣ.

ಸ + ಅಕ್ಷರ = ಸಾಕ್ಷರ.

‘ಸ’ ಅಂದರೆ ಕೂಡಿದ. ಅಕ್ಷರ ಕೂಡಿದವರು ಸಾಕ್ಷರರು. ಅಕ್ಷರ ಅಂದರೆ ನಾಶವಾಗದ್ದು ಎಂಬ ಅರ್ಥವೂ ಇದೆ. ಆಡಿದ ಮಾತು ಗಾಳಿಗೆ ಹೋಗ್ತದ. ಬರೆದ ಮಾತು ಉಳೀತದ.

ಜನಗಣತಿಯಲ್ಲಿ ಸಾಕ್ಷರರು ಅಂತ ಯಾರನ್ನು ಬರೆದುಕೊಳ್ಳುತ್ತಾರೆ? 7 ವರ್ಷ ತುಂಬಿರಬೇಕು. ಯಾವುದಾದರೂ ಒಂದು ಭಾಷೆ ಓದಲು, ಬರೆಯಲು ಬರಬೇಕು. ಓದಿದ್ದು ತಿಳಿಯಬೇಕು. ನಮ್ಮ ಕೋಡ್ಲಾ, ಸೇಡಂ ಕಡೆ ಕನ್ನಡ, ತೆಲುಗು, ಉರ್ದು ಮಾತಾಡ್ತಾರ. ಇವುಗಳಲ್ಲಿ ಒಂದು ಬಂದರೂ ಆಯಿತು. ಶಾಲೆಗೆ ಹೋಗಿರಲೇಬೇಕು ಅಂತಿಲ್ಲ. ಆದರೆ ಬರೀ ಸಹಿ ಸಾಲದು.

2011ರಲ್ಲಿ ಕರ್ನಾಟಕದ 100 ಹೆಂಗಸರಲ್ಲಿ ಸಾಕ್ಷರರು 68 ಮಂದಿ. ಗಂಡಸರಲ್ಲಿ 82 ಮಂದಿ.

ಹಾಗಾದರೆ ಉಳಿದವರು ದಡ್ಡರೇ? ಅಲ್ಲ. ನಮ್ಮ ತಾಲ್ಲೂಕಿನ ಮಳಖೇಡ ಹಿಂದೆ ರಾಷ್ಟ್ರಕೂಟರ ರಾಜಧಾನಿ. ನೃಪತುಂಗ ರಾಜನ ಕಾಲದಲ್ಲಿ ‘ಕವಿರಾಜಮಾರ್ಗ’ ಎಂಬ ಪುಸ್ತಕ ಹುಟ್ಟಿತು. ಕನ್ನಡ ನಾಡಿನ ಜನ ಓದದೆಯೂ ಕವಿತೆ ಕಟ್ಟಬಲ್ಲ ಜಾಣರು ಅಂತ ಅದರಲ್ಲಿದೆ. ಬುದ್ಧಿ ನಮ್ಮಲ್ಲಿ ಮೊದಲೇ ಅದ. ಅದಕ್ಕೆ ಅಕ್ಷರ ಕೂಡಬೇಕು.

ಯಾಕೆ ಕೂಡಬೇಕು? ನಾವು 4 ಕ್ವಿಂಟಲ್ ತೊಗರಿ ಮಾರಿದೆವು ಅನ್ನಿ. ಕ್ವಿಂಟಲಿಗೆ 7,000 ರೂಪಾಯಿ. ಒಟ್ಟು 28,000 ಬರಬೇಕು. ಚೀಟಿಯಲ್ಲಿ 3 ಕ್ವಿಂಟಲ್ 60 ಕಿಲೊ ಅಂತ ಬರೆದಾರ. ಓದಲು ಬಂದರೆ ಕೇಳ್ತೀವಿ, “ಅಣ್ಣಾ, 40 ಕಿಲೊ ಎಲ್ಲಿ ಹೋಯ್ತು?” ಓದದೆ ಸಹಿ ಹಾಕಿದರೆ 2,800 ರೂಪಾಯಿ ಹೋಯಿತು. ಸಹಿ ಹಾಕುವುದು ಅಂದರೆ “ನಾನು ಒಪ್ಪಿದೆ” ಅಂದಂತೆ. ಹೆಬ್ಬೆಟ್ಟೂ ಹಾಗೆಯೇ.

1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಯಿತು. ಅದು ಓದು, ಬರಹದ ಜೊತೆ ಲೆಕ್ಕವನ್ನೂ ಸೇರಿಸಿತು. ನಮ್ಮ ಕಷ್ಟಕ್ಕೆ ಕಾರಣ ಏನು ಅಂತ ತಿಳಿಯುವುದೂ ಸಾಕ್ಷರತೆ ಅಂತ ಹೇಳಿತು.

ಸಂಘದ ಪಾಸ್‌ಬುಕ್ಕು, ಸಾಲದ ಕಾಗದ, ಹೊಲದ ಪಹಣಿ ಯಾವುದೇ ಬರಲಿ. “ತಡೀರಿ, ಓದಿ ನೋಡ್ತೀನಿ” ಅನ್ನೋಣ. ತಿಳಿಯದಿದ್ದರೆ ಕೇಳೋಣ. ಸಹಿ ಆಮೇಲೆ.