ಯು.ವಿ. ದೀಪವಿದ್ದರೆ ನೀರು ಶುದ್ಧವೇ?

"ಹಕೀಮ್ ಸಾಹೇಬ್ರೇ, ಮನೆ ಹತ್ತಿರ ಫ್ಯಾಕ್ಟರಿ ಇದೆ. ಆದ್ರೆ ನಮ್ಮ ಫಿಲ್ಟರ್‌ನಲ್ಲಿ ಯು.ವಿ. ದೀಪ ಇದೆಯಲ್ಲ, ಬೋರ್‌ವೆಲ್ ನೀರು ಕುಡಿಯಬಹುದಲ್ವಾ?" ಎಂದು ಕೇಳುವವರಿದ್ದಾರೆ. ನೀವೂ ಹೀಗೆಯೇ ನಂಬಿರಬಹುದು. ಆದರೆ ಆ ದೀಪದ ಕೆಲಸ ರೋಗಾಣುಗಳನ್ನು ನಿಷ್ಕ್ರಿಯಗೊಳಿಸುವುದು ಮಾತ್ರ. ಕಾರ್ಖಾನೆಯ ರಾಸಾಯನಿಕಗಳನ್ನು ಒಡೆಯುವ ಶಕ್ತಿ ಅದಕ್ಕಿಲ್ಲ.

ಅಮೆರಿಕದ ಟೂಸಾನ್ ನಗರದ ಅನುಭವ ನೋಡಿ. 1981ರಲ್ಲಿ ಅಲ್ಲಿನ ವಿಮಾನ ನಿಲ್ದಾಣದ ಸುತ್ತಲಿನ ಬಾವಿಗಳಲ್ಲಿ, ಲೋಹದ ಜಿಡ್ಡು ತೆಗೆಯಲು ಬಳಸುವ ಟಿ.ಸಿ.ಇ. ಎಂಬ ದ್ರಾವಕ ಪತ್ತೆಯಾಯಿತು. 1994ರಿಂದ ನೀರಿಗೆ ಗಾಳಿ ಹಾಯಿಸಿ ಅದನ್ನು ಹೊರಹಾಕತೊಡಗಿದರು. ಆದರೆ ಅದರ ಜೊತೆಗಿದ್ದ ಡಯಾಕ್ಸೇನ್ ಗಾಳಿಗೆ ಜಗ್ಗಲಿಲ್ಲ. ಇದು ನೀರಿನಲ್ಲಿ ಪೂರ್ತಿ ಬೆರೆಯುವ, ಕ್ಯಾನ್ಸರ್ ತರಬಹುದಾದ ವಸ್ತು.

ಹಾಗಾಗಿ 2014ರಲ್ಲಿ ಹೊಸ ಘಟಕ ಬಂತು. ಗಾಯ ತೊಳೆಯಲು ಬಳಸುತ್ತಿದ್ದ ಹೈಡ್ರೋಜನ್ ಪೆರಾಕ್ಸೈಡನ್ನು ನೀರಿಗೆ ಬೆರೆಸಿ, ತೀವ್ರ ಯು.ವಿ. ಬೆಳಕು ಹಾಯಿಸುತ್ತಾರೆ. ಆಗ ಪೆರಾಕ್ಸೈಡ್ ಒಡೆದು ಹೈಡ್ರಾಕ್ಸಿಲ್ ಎಂಬ ಚುರುಕು ಕಣಗಳು ಹುಟ್ಟುತ್ತವೆ. ಇವು ಕ್ಷಣಮಾತ್ರದಲ್ಲಿ ಡಯಾಕ್ಸೇನ್‌ಗೆ ಮುತ್ತಿ ಅದನ್ನು ಒಡೆಯುತ್ತವೆ. ಉಳಿದ ಪೆರಾಕ್ಸೈಡನ್ನು ಇದ್ದಿಲಿನ ಮೂಲಕ ತೆಗೆಯುತ್ತಾರೆ.

ಅದೂ ಸಾಲಲಿಲ್ಲ. ನೀರಿನಲ್ಲಿ ಪಿಫಾಸ್ ಎಂಬ ರಾಸಾಯನಿಕಗಳು ಹೆಚ್ಚಿದವು. ಬೆಂಕಿ ಆರಿಸುವ ನೊರೆಯಲ್ಲಿ ಬಳಸುವ ಇವುಗಳ ಕಾರ್ಬನ್-ಫ್ಲೋರಿನ್ ಬಂಧ ಎಷ್ಟು ಗಟ್ಟಿಯೆಂದರೆ, ಹೈಡ್ರಾಕ್ಸಿಲ್ ಕೂಡ ಸೋಲುತ್ತದೆ. 2021ರಲ್ಲಿ ಆ ಘಟಕದ ನೀರನ್ನು ಮನೆಗಳಿಗೆ ಬಿಡುವುದನ್ನೇ ನಿಲ್ಲಿಸಿದರು.

ಹಾಗಾದರೆ ನೀವೇನು ಮಾಡಬೇಕು?

ಕುದಿಸಿದರೆ ರೋಗಾಣು ಸಾಯುತ್ತದೆ, ಪಿಫಾಸ್ ಸಾಯುವುದಿಲ್ಲ. ಆವಿ ಹೋದಂತೆಲ್ಲ ಉಳಿದ ನೀರಿನಲ್ಲಿ ಅದು ದಟ್ಟವಾಗುತ್ತದೆ. ಆರ್.ಒ. ಫಿಲ್ಟರ್ ಪಿಫಾಸನ್ನು ಬಹುಮಟ್ಟಿಗೆ ತಡೆಯುತ್ತದೆ. ಆದರೆ ಅದರ ಪೊರೆಯನ್ನು ಸಮಯಕ್ಕೆ ಸರಿಯಾಗಿ ಬದಲಿಸಬೇಕು. ಮನೆಯಲ್ಲಿ ಕುಡಿಯುವ ನೀರಿಗೆ ಪೆರಾಕ್ಸೈಡ್ ಹಾಕುವ ಸಾಹಸ ಖಂಡಿತ ಬೇಡ.

ಮಾಮೂಲಿ ನೀರಿನ ಪರೀಕ್ಷೆಯಲ್ಲಿ ಈ ವಿಷಗಳು ಕಾಣುವುದಿಲ್ಲ. ಹತ್ತಿರದಲ್ಲಿ ಯಾವ ಕಾರ್ಖಾನೆ ಇದೆಯೆಂದು ಲ್ಯಾಬಿನವರಿಗೆ ತಿಳಿಸಿ, ಅದಕ್ಕೆ ತಕ್ಕ ಪರೀಕ್ಷೆ ಮಾಡಿಸಿ. ನೆರೆಹೊರೆಯವರು ಸೇರಿದರೆ ಖರ್ಚೂ ಹಂಚಿಹೋಗುತ್ತದೆ. ಸಂಶಯವಿದ್ದರೆ ವರದಿ ಬರುವವರೆಗೆ ಕುಡಿಯಲು, ಅಡುಗೆಗೆ, ಮುಖ್ಯವಾಗಿ ಗರ್ಭಿಣಿಯರಿಗೆ ಮತ್ತು ಮಗುವಿನ ಹಾಲಿನ ಪುಡಿ ಕಲಸಲು ಬೇರೆ ಕಡೆಯ ನೀರು ತನ್ನಿ.

ಯುನಾನಿಯಲ್ಲಿ ಆರೋಗ್ಯಕ್ಕೆ ಬೇಕಾದ ಆರು ಮೂಲ ಅಗತ್ಯಗಳಲ್ಲಿ ಅನ್ನಪಾನವೂ ಒಂದು. ಇಂಥ ರಾಸಾಯನಿಕಗಳನ್ನು ದೇಹದಿಂದ ತೊಳೆದು ತೆಗೆಯುವ ಕಷಾಯ ನನ್ನ ಬಳಿ ಇಲ್ಲ. ಅವು ಲೋಟಕ್ಕೆ ಬರುವ ಮೊದಲೇ ತಡೆಯಬೇಕು.